ಮ್ಯಾಟ್ ಫ್ರೀ ಕೇಳಬೇಡಿ, ಕೊಟೇಶನ್ ಬಿಡಿಸಿ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸ ಕಾರಿನ ಬೆಲೆಯ ಬಗ್ಗೆಯೇ ಇವೆ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೊಸ ಓದುಗರಿಗೆ ಒಂದು ಮಾತು: ನಾನು ಮೊದಲು ದಾವಣಗೆರೆಯಲ್ಲಿ, ಆಮೇಲೆ ಹುಬ್ಬಳ್ಳಿಯಲ್ಲಿ ಕಾರ್ ಶೋರೂಮ್‌ಗಳ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದವಳು. ಕಾರು ಮಾರುವುದು ನನ್ನ ಕೆಲಸವಾಗಿರಲಿಲ್ಲ. ಮಾತುಕತೆ ಎಲ್ಲಾ ಮುಗಿದ ಮೇಲೆ ಕಾಗದ ನನ್ನ ಟೇಬಲ್‌ಗೆ ಬರುತ್ತಿತ್ತು. ಗಿರಾಕಿ ಎಲ್ಲಿ ಉಳಿಸಿದರು, ಎಲ್ಲಿ ಕಳೆದುಕೊಂಡರು ಅನ್ನೋದು ಆ ಕಾಗದದಲ್ಲೇ ಕಾಣುತ್ತಿತ್ತು.

ತಿಪಟೂರಿನಿಂದ. ನಾನು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಮೊದಲ ಸಲ ಕಾರು ಕೊಳ್ಳುತ್ತಿದ್ದೇವೆ. 1,200 ಸಿಸಿ ಒಳಗಿನ ಪೆಟ್ರೋಲ್ ಕಾರು, ಸಾಲದ ಮೇಲೆ. ಶೋರೂಮ್‌ನವರು ಕೊಟ್ಟ ಕೊಟೇಶನ್ ಪ್ರತಿ ಜೊತೆಗಿದೆ. 20,000 ರೂಪಾಯಿ ಡಿಸ್ಕೌಂಟ್ ಕೊಟ್ಟು, ಮ್ಯಾಟ್ ಫ್ರೀ ಅಂದಿದ್ದಾರೆ. ಇದಕ್ಕಿಂತ ಕಡಿಮೆ ಆಗೋದೇ ಇಲ್ಲ ಅಂತಾರೆ. ನಿಜವಾ?

ಖಂಡಿತ ಕಡಿಮೆ ಆಗುತ್ತೆ. ನಿಮ್ಮ ಕೊಟೇಶನ್ ಎದುರಿಗೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಉಳಿದ ಓದುಗರಿಗೂ ಅನುಕೂಲವಾಗಲಿ ಅಂತ ಅದರ ಸಾಲುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಎಕ್ಸ್ ಶೋರೂಮ್, ಅಂದರೆ ರೋಡ್ ಟ್ಯಾಕ್ಸ್, ವಿಮೆ ಸೇರದ ಬೆಲೆ, 8,40,000. ರೋಡ್ ಟ್ಯಾಕ್ಸ್ 1,31,536. ರಿಜಿಸ್ಟ್ರೇಶನ್ 6,500. ಇನ್ಶೂರೆನ್ಸ್ 52,000. ಎಕ್ಸ್‌ಟೆಂಡೆಡ್ ವಾರಂಟಿ 14,000. ಎಸೆನ್ಶಿಯಲ್ ಕಿಟ್ 22,000. ಹ್ಯಾಂಡ್ಲಿಂಗ್ ಚಾರ್ಜ್ 7,500. ಫಾಸ್ಟ್ಯಾಗ್ 600. ಎಲ್ಲಾ ಸೇರಿ 10,74,136. ಅದರಲ್ಲಿ 20,000 ಕಳೆದು 10,54,136.

ಮೊದಲೆರಡು ಸಾಲು ಎಲ್ಲಿ ಹೋದರೂ ಹೀಗೇ ಇರುತ್ತೆ. ಎಕ್ಸ್ ಶೋರೂಮ್ ಬೆಲೆಯನ್ನು ಕಂಪನಿ ನಿಗದಿ ಮಾಡುತ್ತೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಶೇ 14 ಜೀವಾವಧಿ ತೆರಿಗೆ. ಆ ತೆರಿಗೆಯ ಮೇಲೆ ಶೇ 11 ಸೆಸ್. ಅಂದರೆ ಒಟ್ಟು ಶೇ 15.54. ನಿಮ್ಮ ಕಾರಿಗೆ 1,30,536. ಅದರ ಮೇಲೆ ಸಾರಿಗೆ ಕಾರ್ಮಿಕರ ಕಲ್ಯಾಣ ನಿಧಿಗೆ 2025ರಿಂದ ಬಂದ 1,000 ರೂಪಾಯಿ. ಲೆಕ್ಕ ಸರಿಯಾಗಿದೆ. ಇದರಲ್ಲಿ ಚೌಕಾಸಿ ಮಾಡಲು ಜಾಗವಿಲ್ಲ.

ಜಾಗ ಇರೋದು ಮೂರನೇ ಸಾಲಿನಿಂದ ಕೆಳಗೆ. ನಮ್ಮ ಜನ ಯಾರೂ ಅಲ್ಲಿಗೆ ಕಣ್ಣೇ ಹಾಯಿಸಲ್ಲ.

ಕೆಳಗಿನಿಂದಲೇ ಶುರು ಮಾಡೋಣ. ಹ್ಯಾಂಡ್ಲಿಂಗ್ ಚಾರ್ಜ್ 7,500 ಯಾತಕ್ಕೆ? ಕಾರನ್ನು ಗೋಡೌನ್‌ನಿಂದ ತಂದು, ತೊಳೆದು ನಿಮಗೆ ಕೊಡಲು. ಅದು ಶೋರೂಮ್‌ನವರ ಕೆಲಸ, ಅದಕ್ಕೆ ಕಂಪನಿಯಿಂದ ಅವರಿಗೆ ಮಾರ್ಜಿನ್ ಬರುತ್ತೆ. ನೀವು ಕೊಡಬೇಕಾಗಿಲ್ಲ. "ಈ ಸಾಲು ತೆಗೆದು ಹೊಸ ಕೊಟೇಶನ್ ಕೊಡಿ" ಎನ್ನಿ, ಸಾಕು. ಕಿಟ್ ಅಂದರೆ ಸೀಟ್ ಕವರ್, ಮಡ್ ಫ್ಲ್ಯಾಪ್, ಬಾಡಿ ಕವರ್, ಡೋರ್ ವೈಸರ್, ಒಂದು ಪರ್ಫ್ಯೂಮ್ ಬಾಟಲಿ. ಬೇಕಾದ್ದನ್ನು ಒಂದೊಂದೇ ಆರಿಸಿ ತಗೊಳ್ಳುವ ಹಕ್ಕು ನಿಮ್ಮದು. ಕಿಟ್ ಇಲ್ಲದೆ ಕಾರು ಕೊಡಲ್ಲ ಅನ್ನುವ ಹಾಗಿಲ್ಲ. ನೋಡಿ, ಈ ಎರಡು ಸಾಲು ಸೇರಿದರೆ 29,500. ಅವರು ಕೊಟ್ಟ ಡಿಸ್ಕೌಂಟ್ 20,000. ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ವಾಪಸ್ ತಗೊಂಡಿದ್ದಾರೆ, ಮೇಲೆ 9,500 ಜಾಸ್ತಿಯೇ ತಗೊಂಡಿದ್ದಾರೆ.

ರಿಜಿಸ್ಟ್ರೇಶನ್ ಸಾಲಿನಲ್ಲಿ ಇರೋದೇನು ಅಂತ ಬಿಡಿಸಿ ಕೇಳಿ. ಕಾರಿನ ರಿಜಿಸ್ಟ್ರೇಶನ್ ಶುಲ್ಕ 600, ಸಾಲದ ಕಾರಾದ್ದರಿಂದ ಹೈಪಾಥಿಕೇಶನ್‌ಗೆ (ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಬರೆಸಲು) 1,500, ಸ್ಮಾರ್ಟ್ ಕಾರ್ಡ್‌ಗೆ 200. ಉಳಿದದ್ದು ಯಾವುದರದ್ದು ಅಂತ ಅವರು ಹೇಳಬೇಕು. "ನಂಬರ್ ಪ್ಲೇಟ್‌ದು ಮೇಡಂ" ಅಂದರೆ ಒಪ್ಪಬೇಡಿ. 2019ರ ಏಪ್ರಿಲ್ ನಂತರ ತಯಾರಾದ ಕಾರುಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟನ್ನು ಕಂಪನಿಯೇ ಕೊಡಬೇಕು.

ಈಗ ಇನ್ಶೂರೆನ್ಸ್. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ದುಡ್ಡು ಅತಿ ಹೆಚ್ಚು ಸೋರುವುದು ಇಲ್ಲೇ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ) ಕಡ್ಡಾಯ. ಅದರ ದರವನ್ನು ಸರ್ಕಾರ ನಿಗದಿ ಮಾಡುತ್ತೆ, ಯಾವ ವಿಮಾ ಕಂಪನಿಯಲ್ಲಾದರೂ ಒಂದೇ. 2022ರ ಜೂನ್‌ನಲ್ಲಿ ಜಾರಿಯಾದ ಪಟ್ಟಿಯಲ್ಲಿ 1,000ದಿಂದ 1,500 ಸಿಸಿ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ. ಇನ್ನುಳಿದದ್ದು ನಿಮ್ಮ ಕಾರಿಗೇ ಏನಾದರೂ ಆದರೆ ಸಿಗುವ ಓನ್ ಡ್ಯಾಮೇಜ್, ಅದರ ಮೇಲಿನ ಆಡ್ ಆನ್‌ಗಳು ಅಂದರೆ ಹೆಚ್ಚುವರಿ ಕವರ್‌ಗಳು, ಜಿಎಸ್‌ಟಿ. ಓನ್ ಡ್ಯಾಮೇಜ್ ದರ ಕಂಪನಿಯಿಂದ ಕಂಪನಿಗೆ ಬೇರೆ. ಅದನ್ನು ಒಂದೇ ವರ್ಷಕ್ಕೆ ತಗೊಂಡರೂ ಸಾಕು.

ಇನ್ಶೂರೆನ್ಸ್ ಇಲ್ಲೇ ತಗೋಬೇಕು ಎಂದು ಯಾವ ಶೋರೂಮ್ ಕೂಡ ಒತ್ತಾಯ ಮಾಡುವಂತಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವೇ ಹಾಗಿದೆ. ಹೊರಗೆ ಎರಡು ಕಂಪನಿಗಳಿಂದ ದರ ಕೇಳಿ. ಹೋಲಿಸುವಾಗ ಐಡಿವಿ, ಅಂದರೆ ಕಾರು ಪೂರ್ತಿ ಹೋದರೆ ವಿಮೆಯವರು ಕೊಡುವ ಗರಿಷ್ಠ ಮೊತ್ತ, ಒಂದೇ ಇರಬೇಕು. ಹೊಸ ಕಾರಿಗೆ ಅದು ಸಾಮಾನ್ಯವಾಗಿ ಎಕ್ಸ್ ಶೋರೂಮ್ ಬೆಲೆಯ ಶೇ 95. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವವರೂ ಇದ್ದಾರೆ. ಆಡ್ ಆನ್‌ಗಳೂ ಒಂದೇ ಇರಬೇಕು. ಝೀರೋ ಡೆಪ್ರಿಸಿಯೇಶನ್ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಬಂಪರ್‌ನಂಥ ಪ್ಲಾಸ್ಟಿಕ್ ಭಾಗ ಒಡೆದಾಗ ವಿಮೆಯವರು ಅರ್ಧ ಬೆಲೆಯನ್ನಷ್ಟೇ ಕೊಡುತ್ತಾರೆ. ಕೀ ಕಳೆದರೆ, ಟೈರ್ ಹಾಳಾದರೆ, ಸಾಮಾನು ಹೋದರೆ ಅಂತ ಸೇರಿಸಿರುವ ಸಣ್ಣಪುಟ್ಟ ಕವರ್‌ಗಳನ್ನು ನೋಡಿ ತೆಗೆಸಿ. "ಹೊರಗಿನ ಪಾಲಿಸಿಗೆ ನಮ್ಮಲ್ಲಿ ಕ್ಯಾಶ್‌ಲೆಸ್ ಆಗಲ್ಲ" ಅಂತ ಹೆದರಿಸಬಹುದು. ಆ ವಿಮಾ ಕಂಪನಿಯ ಗ್ಯಾರೇಜ್ ಪಟ್ಟಿಯಲ್ಲಿ ನಿಮ್ಮ ಸರ್ವಿಸ್ ಸೆಂಟರ್ ಹೆಸರಿದೆಯಾ ನೋಡಿ. ಇದ್ದರೆ ಆಗುತ್ತೆ. ಹೊರಗಿನ ದರ ಮುಂದಿಟ್ಟರೆ ಎಷ್ಟೋ ಸಲ ಶೋರೂಮ್‌ನವರೇ ಅದೇ ದರಕ್ಕೆ ಇಳಿಯುತ್ತಾರೆ. ಆಗ ಅವರಲ್ಲೇ ತಗೊಳ್ಳಿ, ತೊಂದರೆಯಿಲ್ಲ.

ರಾಣೆಬೆನ್ನೂರು ಕಡೆಯ ದಂಪತಿಯೊಬ್ಬರು ನೆನಪಾಗುತ್ತಾರೆ. ಮ್ಯಾಟ್ ಫ್ರೀ ಕೊಡಿ ಅಂತ ಬಹಳ ಹೊತ್ತು ಜಗ್ಗಾಡಿದರು. ಕೊನೆಗೆ ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿದವರ ಹಾಗೆ ಒಪ್ಪಿದರು. ಅವರು ಕೇಳದೇ ಇದ್ದ ಎಲ್ಲಾ ಆಡ್ ಆನ್‌ಗಳೂ ಇನ್ಶೂರೆನ್ಸ್ ಸಾಲಿನಲ್ಲಿ ಇದ್ದವು. ಆ ಕಾಗದ ಟೈಪ್ ಮಾಡುವಾಗ ನನಗೆ ಹೊಟ್ಟೆ ಉರಿಯಿತು. ಅಂಥ ಕಾಗದಗಳು ದಿನವೂ ಬರುತ್ತಿದ್ದವು. ಈ ಅಂಕಣ ಬರೆಯಲು ಒಪ್ಪಿದ್ದಕ್ಕೆ ಅದೂ ಒಂದು ಕಾರಣ.

ನಿಮ್ಮ ಮುಂದಿನ ಹೆಜ್ಜೆ: ಅದೇ ಕಾರು, ಅದೇ ವೇರಿಯಂಟ್, ಅದೇ ಬಣ್ಣ ಹೇಳಿ ತುಮಕೂರು, ಹಾಸನ, ಬೆಂಗಳೂರಿನ ಶೋರೂಮ್‌ಗಳಿಗೆ ಫೋನ್ ಮಾಡಿ. ಪ್ರತಿ ಸಾಲೂ ಬೇರೆ ಬೇರೆ ಇರುವ ಕೊಟೇಶನ್ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ. ಬೆಂಗಳೂರಲ್ಲಿ ತಗೊಂಡರೂ ನಿಮ್ಮ ತಿಪಟೂರಿನ ಕೆಎ-44ರಲ್ಲೇ ರಿಜಿಸ್ಟರ್ ಮಾಡಿಸಬಹುದು. ಸರ್ಕಾರಿ ನೌಕರರಿಗೆ ಕಾರ್ಪೊರೇಟ್ ಡಿಸ್ಕೌಂಟ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ, ನಿಮ್ಮ ಐಡಿ ಕಾರ್ಡ್ ತೋರಿಸಿ. ಕೇಳದಿದ್ದರೆ ಯಾರೂ ತಾವಾಗಿ ಹೇಳಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಒಳ್ಳೆಯದೇ, ಆದರೆ ಇವತ್ತೇ ತಗೋಬೇಕು ಅಂತೇನಿಲ್ಲ. ಮೊದಲ ವಾರಂಟಿ ಮುಗಿಯುವ ಮೊದಲು ತಗೊಂಡರೂ ನಡೆಯುತ್ತೆ. ತಡವಾದಷ್ಟೂ ಬೆಲೆ ಏರಬಹುದು, ಆ ಪಟ್ಟಿಯನ್ನೂ ಕೇಳಿ ಇಟ್ಟುಕೊಳ್ಳಿ.

ಮೈಸೂರಿನಿಂದ ಬರೆಯುತ್ತಿದ್ದೇನೆ. ನೋಡಿರುವ ಕಾರಿನ ಒಂದು ವೇರಿಯಂಟ್ ಎಕ್ಸ್ ಶೋರೂಮ್ 9.94 ಲಕ್ಷ, ಅದರ ಮೇಲಿನದು 10.12 ಲಕ್ಷ. ಸೇಲ್ಸ್‌ನ ಹುಡುಗ "18,000 ತಾನೇ ಸರ್, ಸನ್‌ರೂಫ್ ಬರುತ್ತೆ" ಅಂತಿದ್ದಾನೆ. ತಗೊಳ್ಳಲಾ?

18,000 ಅಲ್ಲ, 54,000ಕ್ಕೂ ಜಾಸ್ತಿ. 10 ಲಕ್ಷ ದಾಟಿದ ಕೂಡಲೇ ಕರ್ನಾಟಕದಲ್ಲಿ ತೆರಿಗೆ ಶೇ 14ರಿಂದ ಶೇ 17ಕ್ಕೆ ಏರುತ್ತೆ. ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ. ಸೆಸ್ ಸೇರಿಸಿ ನೋಡಿ. 9.94 ಲಕ್ಷಕ್ಕೆ ಶೇ 15.54, ಅಂದರೆ ಸುಮಾರು 1,54,470. 10.12 ಲಕ್ಷಕ್ಕೆ ಶೇ 18.87, ಅಂದರೆ ಸುಮಾರು 1,90,960. ತೆರಿಗೆಯಲ್ಲೇ ಸುಮಾರು 36,500 ವ್ಯತ್ಯಾಸ. ಅದಕ್ಕೆ 18,000 ಸೇರಿಸಿ.

ಇನ್ನೊಂದು, 10 ಲಕ್ಷ ಮೀರಿದ ಕಾರಿಗೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ವಸೂಲು ಮಾಡುವ ಆದಾಯ ತೆರಿಗೆ, ಕಟ್ಟಬೇಕು. ಇದು ಕೈಯಿಂದ ಹೋಗುವ ದುಡ್ಡಲ್ಲ. ನಿಮ್ಮ ಪಾನ್ ನಂಬರ್‌ಗೆ ಜಮಾ ಆಗುತ್ತೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತೆ. ಎಷ್ಟೋ ಜನ ಇದನ್ನು ಕೇಳೋದೇ ಇಲ್ಲ, ಸುಮ್ನೆ ಬಿಟ್ಟುಬಿಡುತ್ತಾರೆ.

ಸನ್‌ರೂಫ್‌ಗೆ 54,000 ಕೊಡೋದು ನಿಮಗೆ ಸರಿ ಅನಿಸಿದರೆ ತಗೊಳ್ಳಿ. ನನ್ನನ್ನು ಕೇಳಿದರೆ ಬೇಡ. ಆ ದುಡ್ಡಲ್ಲಿ ಹಲವು ವರ್ಷದ ಸರ್ವಿಸ್ ಮುಗಿಯುತ್ತೆ. ಇನ್ನೊಂದು ವಿಷಯ: ಇಂಟರ್ನೆಟ್‌ನಲ್ಲಿ ಬೆಲೆ ನೋಡುವಾಗ ತಾರೀಖು ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಜಿಎಸ್‌ಟಿ ಜೊತೆಗಿದ್ದ ಪರಿಹಾರ ಸೆಸ್ ಕೂಡ ಹೋಯಿತು. ನಾಲ್ಕು ಮೀಟರ್ ಒಳಗಿನ, 1,200 ಸಿಸಿವರೆಗಿನ ಪೆಟ್ರೋಲ್ ಕಾರು, 1,500 ಸಿಸಿವರೆಗಿನ ಡೀಸೆಲ್ ಕಾರು ಇದರಲ್ಲಿ ಬರುತ್ತವೆ. ಅದಕ್ಕಿಂತ ದೊಡ್ಡವಕ್ಕೆ ಶೇ 40. ಆ ತಾರೀಖಿಗಿಂತ ಹಿಂದಿನ ವಿಡಿಯೋಗಳಲ್ಲಿ ಹೇಳುವ ಬೆಲೆ ಹಿಡಿದು ಹೋದರೆ ಡಿಸ್ಕೌಂಟ್ ಸಿಕ್ಕಿತು ಅಂತ ಮೋಸ ಹೋಗುತ್ತೀರಿ. ತೆರಿಗೆ ಇಳಿದದ್ದು ಶೋರೂಮ್‌ನ ಉಡುಗೊರೆ ಅಲ್ಲವಲ್ಲ.

ಹಾವೇರಿಯಿಂದ. ಆಷಾಢದಲ್ಲಿ ಕಾರು ತಗೋಬಾರದು ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಆದರೆ ಆಷಾಢದಲ್ಲೇ ಆಫರ್ ಜಾಸ್ತಿ ಅಂತ ಜಾಹೀರಾತು ಬರುತ್ತೆ. ಏನು ಮಾಡಲಿ?

ಎರಡೂ ಆಗುವ ದಾರಿ ಇದೆ. ಆಷಾಢದಲ್ಲಿ ಮಾತಾಡಿ, ಶ್ರಾವಣದಲ್ಲಿ ಮನೆಗೆ ತನ್ನಿ. ಆಷಾಢದಲ್ಲಿ ನಮ್ಮ ಕಡೆ ಶೋರೂಮ್ ಖಾಲಿ ಹೊಡೆಯುತ್ತಿರುತ್ತೆ. ತಿಂಗಳ ಟಾರ್ಗೆಟ್ ಮಾತ್ರ ಹಾಗೇ ಇರುತ್ತೆ. ಪಿತೃಪಕ್ಷದ ಹದಿನೈದು ದಿನವೂ ಹೀಗೇ. ಆಗ ಹೋದರೆ ನಿಮ್ಮ ಮಾತಿಗೆ ಕಿವಿಗೊಡಲು ಅವರಿಗೆ ಪುರುಸೊತ್ತೂ ಇರುತ್ತೆ, ಗರಜೂ ಇರುತ್ತೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಥವಾ ಆಯುಧಪೂಜೆ ವಾರದಲ್ಲಿ ಹೋದರೆ ಎರಡೂ ಇರಲ್ಲ.

ಒಂದು ಎಚ್ಚರ. ಕಾರಿನ ಬೆಲೆ ಬುಕಿಂಗ್ ದಿನದ್ದಲ್ಲ, ಬಿಲ್ ಆದ ದಿನದ್ದು ಅಂತ ಬುಕಿಂಗ್ ಫಾರ್ಮ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ಆಫರ್ ಕೂಡ ಹಾಗೇ, ಆ ತಿಂಗಳು ಬಿಲ್ ಆದರೆ ಮಾತ್ರ. ಹಾಗಾಗಿ ಆಷಾಢದಲ್ಲೇ ಬಿಲ್ ಮಾಡಿಸಿ, ಡೆಲಿವರಿ ಮಾತ್ರ ಒಳ್ಳೆಯ ದಿನ ಇಟ್ಟುಕೊಳ್ಳುತ್ತೇವೆ ಅಂತ ಮೊದಲೇ ಮಾತಾಡಿ, ಬರೆಸಿಕೊಳ್ಳಿ. ಎಷ್ಟೋ ಶೋರೂಮ್‌ಗಳು ಒಪ್ಪುತ್ತವೆ. ಅಲ್ಲಿಯವರೆಗೆ ಕಾರನ್ನು ಎಲ್ಲಿ ನಿಲ್ಲಿಸುತ್ತಾರೆ ಅಂತಲೂ ಕೇಳಿ. ಮಳೆಗಾಲದಲ್ಲಿ ಬಯಲಲ್ಲಿ ನಿಲ್ಲಿಸೋದು ಬೇಡ.

ಹುಬ್ಬಳ್ಳಿಯಿಂದ. ನಾನು ಇಲ್ಲಿ ಕೆಲಸ ಮಾಡುವ ಹುಡುಗಿ. ನನ್ನ ದುಡ್ಡಲ್ಲಿ ಕಾರು ತಗೊಳ್ಳುತ್ತಿದ್ದೇನೆ. ಶೋರೂಮ್‌ಗೆ ಹೋದರೆ ಜೊತೆಗೆ ಬಂದ ತಮ್ಮನ ಜೊತೆಗೇ ಮಾತಾಡುತ್ತಾರೆ. ಒಬ್ಬಳೇ ಹೋದರೆ "ಅಪ್ಪಾಜಿನ ಕರ್ಕೊಂಡು ಬನ್ನಿ" ಅಂತಾರೆ. ನನಗೆ ಚೌಕಾಸಿ ಮಾಡಲೂ ಬರಲ್ಲ.

ಇದನ್ನು ಓದಿ ನನಗೆ ಸಿಟ್ಟು ಬಂತು. ಕಾರಿನ ಕೀ ನಿಮ್ಮ ಕೈಗೇ ಬರಬೇಕು, ಬಿಲ್ ನಿಮ್ಮ ಹೆಸರಲ್ಲೇ ಆಗುತ್ತೆ. ಹಾಗಿರುವಾಗ ಮಾತೂ ನಿಮ್ಮ ಜೊತೆಗೇ ಆಗಬೇಕು.

ಚೌಕಾಸಿ ಅಂದರೆ ಜೋರು ಮಾತು ಅಂತ ಅಂದುಕೊಳ್ಳಬೇಡಿ. ನಾನು ನೋಡಿದ ಹಾಗೆ ಅತಿ ಕಡಿಮೆಗೆ ಕಾರು ತಗೊಂಡು ಹೋದವರು ಹೆಚ್ಚು ಮಾತಾಡಿದವರಲ್ಲ. ಅವರ ಕೈಯಲ್ಲಿ ಕಾಗದ ಇರುತ್ತಿತ್ತು. ಹೀಗೆ ಮಾಡಿ. ಶೋರೂಮ್‌ಗೆ ಕಾಲಿಡುವ ಮೊದಲೇ ಫೋನಿನಲ್ಲಿ ಮೂರು ಕಡೆಯ ಕೊಟೇಶನ್ ತರಿಸಿಕೊಳ್ಳಿ. ಅತಿ ಕಡಿಮೆಯದನ್ನು ಪ್ರಿಂಟ್ ತಗೊಳ್ಳಿ. ಯಾವ ಸಾಲು ಬೇಡವೋ ಅದರ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ. ಕೆಳಗೆ ನಿಮ್ಮ ಮೊತ್ತ ಬರೆಯಿರಿ. ಅದನ್ನು ಮನೆಗೆ ಹತ್ತಿರದ ಶೋರೂಮ್‌ನ ಸೇಲ್ಸ್ ಮ್ಯಾನೇಜರ್ ಮುಂದಿಟ್ಟು ಇಷ್ಟೇ ಹೇಳಿ: "ಈ ಮೊತ್ತಕ್ಕೆ ಬಿಲ್ ಮಾಡಿಕೊಟ್ಟರೆ ಇವತ್ತೇ ಬುಕ್ ಮಾಡ್ತೀನಿ. ಆಗಲ್ಲ ಅಂದರೆ ಈ ಕಾಗದ ಕೊಟ್ಟವರ ಹತ್ತಿರ ಹೋಗ್ತೀನಿ." ಆಮೇಲೆ ಸುಮ್ನೆ ಕೂತುಬಿಡಿ. ಆ ಮೌನವನ್ನು ತುಂಬಲು ನೀವಾಗಿ ಏನೂ ಹೇಳಬೇಡಿ. ಅವರು ಒಳಗೆ ಹೋಗಿ ಬರುತ್ತಾರೆ, ಟೀ ತರಿಸುತ್ತಾರೆ, ಮ್ಯಾಟ್ ಕೊಡ್ತೀವಿ ಅಂತಾರೆ. "ಮ್ಯಾಟ್ ಬೇಡ ಸರ್, ಮೊತ್ತ ಹೇಳಿ" ಎನ್ನಿ.

ನೀವು ಸಾಲ ಮಾಡುತ್ತೀರಾ, ಪೂರ್ತಿ ದುಡ್ಡು ಕೊಡುತ್ತೀರಾ, ಹಳೆಯ ಗಾಡಿ ಇದೆಯಾ ಅಂತ ಮೊದಲಿಗೇ ಕೇಳುತ್ತಾರೆ. "ಮೊದಲು ಕಾರಿನ ಬೆಲೆ ಮಾತಾಡೋಣ" ಅಂದರೆ ಸಾಕು. ಕಾರಿನ ಬೆಲೆ, ಸಾಲ, ಹಳೆಯ ಗಾಡಿ ಮೂರನ್ನೂ ಒಟ್ಟಿಗೆ ಮಾತಾಡಿದರೆ ಒಂದರಲ್ಲಿ ಬಿಟ್ಟದ್ದನ್ನು ಇನ್ನೊಂದರಲ್ಲಿ ಎಳೆದುಕೊಳ್ಳೋದು ಸುಲಭ. ತಿಂಗಳ ಕಂತು ಎಷ್ಟು ಕಟ್ಟಬಲ್ಲಿರಿ ಅನ್ನುವ ಪ್ರಶ್ನೆಗಂತೂ ಉತ್ತರವನ್ನೇ ಕೊಡಬೇಡಿ.

ಸೇಲ್ಸ್‌ನ ಹುಡುಗರ ಮೇಲೆ ರೇಗಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಅವರ ಸಂಬಳ ಸಣ್ಣದು. ಇನ್ಶೂರೆನ್ಸ್, ಆಕ್ಸೆಸರಿ ಮಾರಿದರೆ ಇನ್ಸೆಂಟಿವ್. ಡಿಸ್ಕೌಂಟ್ ಕೊಡುವ ಅಧಿಕಾರ ಅವರಿಗಿರಲ್ಲ, ಮ್ಯಾನೇಜರ್‌ಗೆ ಇರುತ್ತೆ. ಮ್ಯಾನೇಜರನ್ನೇ ಕೇಳಿ. ಅಪ್ಪಾಜಿಯನ್ನು ಪೂಜೆಯ ದಿನ ಕರ್ಕೊಂಡು ಹೋಗಿ.

ಶಿರಸಿಯ ಅಡಿಕೆ ಬೆಳೆಗಾರ ನಾನು. ಕೈಯಲ್ಲಿ ನಗದು ಇದೆ. ಪೂರ್ತಿ ನಗದು ಕೊಟ್ಟರೆ ಜಾಸ್ತಿ ಡಿಸ್ಕೌಂಟ್ ಸಿಗುತ್ತಾ?

ಇಲ್ಲ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತೆ. ತಗೊಂಡವರಿಗೆ ಅಷ್ಟೇ ಮೊತ್ತದ ದಂಡ. ಒಂದೇ ಕಾರಿಗೆ ಬೇರೆ ಬೇರೆ ದಿನ ತುಂಡು ತುಂಡಾಗಿ ಕೊಟ್ಟರೂ ಒಟ್ಟು ಲೆಕ್ಕ ಹಿಡಿಯುತ್ತಾರೆ. ಬ್ಯಾಂಕಿನಿಂದಲೇ ಕಳಿಸಿ. ಬುಕಿಂಗ್ ದುಡ್ಡನ್ನು ಶೋರೂಮ್‌ನ ಖಾತೆಗೇ ಹಾಕಿ, ಸೇಲ್ಸ್‌ನವರ ಸ್ವಂತ ನಂಬರ್‌ಗೆ ಫೋನ್‌ಪೇ ಮಾಡಬೇಡಿ. ರಸೀದಿ ಇಲ್ಲದೆ ಅಲ್ಲಿಂದ ಏಳಬೇಡಿ. ಇನ್ನು, ಸಾಲ ಮಾಡದೆ ತಗೊಳ್ಳುವವರು ಶೋರೂಮ್‌ಗೆ ಅಷ್ಟೇನೂ ಪ್ರಿಯರಲ್ಲ. ಸಾಲದಲ್ಲಿ ಅವರಿಗೆ ಬ್ಯಾಂಕಿನಿಂದ ಕಮಿಷನ್ ಬರುತ್ತೆ. ಹಾಗಾಗಿ ಬೆಲೆ ಬರೆದು ಕೊಡುವವರೆಗೂ ದುಡ್ಡು ಹೇಗೆ ಕೊಡುತ್ತೀರಿ ಅಂತ ಹೇಳಬೇಕಾಗಿಲ್ಲ.

ಕುಂದಾಪುರದಿಂದ. ಒಂಬತ್ತು ವರ್ಷದ ಹಳೆಯ ಕಾರು ಇದೆ, ಐದು ವರ್ಷಕ್ಕೂ ಜಾಸ್ತಿ ಸಮಯದಿಂದ ಕ್ಲೇಮ್ ಮಾಡಿಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಟರೆ 25,000 ಬೋನಸ್ ಅಂತಾರೆ. ಕೊಡಲಾ, ಹೊರಗೆ ಮಾರಲಾ?

ಮೊದಲು ಹೊರಗಿನ ಬೆಲೆ ತಿಳಿದುಕೊಳ್ಳಿ. ಹಳೆಯ ಕಾರು ಕೊಳ್ಳುವ ಎರಡು ಕಡೆ ತೋರಿಸಿ, ಬಾಯಿಮಾತಲ್ಲ, ಬರೆದು ಕೊಡಲಿ. ಅಲ್ಲಿ 2,60,000 ಅಂದು, ಶೋರೂಮ್‌ನಲ್ಲಿ 2,20,000 ಮತ್ತು 25,000 ಬೋನಸ್ ಅಂದರೆ ಬೋನಸ್‌ನಿಂದ ನಿಮಗೇನೂ ಬಂದಿಲ್ಲ, 15,000 ಹೋಗಿದೆ. ಬೋನಸ್ ಅನ್ನೋ ಮಾತು ಕಿವಿಗೆ ಹಿತವಾಗಿರುತ್ತೆ, ಅಷ್ಟೇ. ಹಳೆಯ ಕಾರನ್ನು ಹೊರಗೆ ಮಾರಿ, ಮಾರಿದ ದಾಖಲೆ ತೋರಿಸಿದರೆ ಎಕ್ಸ್‌ಚೇಂಜ್ ಬೋನಸ್ ಕೊಡುವ ಕಂಪನಿಗಳೂ ಇವೆ. ನಿಮ್ಮ ಕಂಪನಿಯಲ್ಲಿ ಹಾಗಿದೆಯಾ ಕೇಳಿ.

ನಿಮ್ಮ ಪತ್ರದಲ್ಲಿ ಬೋನಸ್‌ಗಿಂತ ಮುಖ್ಯವಾದದ್ದು ಇನ್ನೊಂದಿದೆ. ಐದು ವರ್ಷ ಕ್ಲೇಮ್ ಮಾಡದಿದ್ದರೆ ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ, ಶೇ 50. ಅದು ಕಾರಿನದ್ದಲ್ಲ, ನಿಮ್ಮದು. ಹಳೆಯ ಕಾರು ಮಾರಿದ ಮೇಲೆ ವಿಮಾ ಕಂಪನಿಯಿಂದ ಎನ್‌ಸಿಬಿ ಸರ್ಟಿಫಿಕೇಟ್ ತಗೊಳ್ಳಿ. ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಅರ್ಧ ಕಡಿಮೆಯಾಗುತ್ತೆ. ಶೋರೂಮ್‌ನವರ ಇನ್ಶೂರೆನ್ಸ್ ಆದರೂ ಸರಿ, ಹೊರಗಿನದಾದರೂ ಸರಿ. ಇದನ್ನು ಕೇಳಿ ಪಡೆಯುವವರು ಬಹಳ ಕಡಿಮೆ. ಯಾರೂ ಹೇಳಿಕೊಡಲ್ಲ, ಯಾಕೆಂದರೆ ಪ್ರೀಮಿಯಂ ಇಳಿದರೆ ಕಮಿಷನ್ ಕೂಡ ಇಳಿಯುತ್ತೆ.

ಕೊನೆಯದಾಗಿ, ಹಳೆಯ ಕಾರನ್ನು ಯಾರಿಗೇ ಕೊಟ್ಟರೂ ತಾರೀಖು, ಗಂಟೆ ಬರೆದ ಡೆಲಿವರಿ ನೋಟ್ ತಗೊಳ್ಳಿ. ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೈತೊಳೆದುಕೊಳ್ಳಬೇಡಿ. ಆರ್‌ಸಿ ಅವರ ಹೆಸರಿಗೆ ಆಗಿದೆಯಾ ಅಂತ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡುತ್ತಾ ಇರಿ. ಆಗುವವರೆಗೆ ಅದರ ಫೈನ್, ಅದರ ಅಪಘಾತ, ಎಲ್ಲಾ ನಿಮ್ಮ ಹೆಸರಿಗೇ.

ಕಲಬುರಗಿಯಿಂದ. ಶೋರೂಮ್‌ನವರು ಶೇ 7ಕ್ಕೆ ಸಾಲ ಕೊಡಿಸುತ್ತೇವೆ ಅಂತಾರೆ. ನನ್ನ ಬ್ಯಾಂಕ್ ಶೇ 9 ಅನ್ನುತ್ತೆ. ಶೋರೂಮ್‌ದೇ ಒಳ್ಳೆಯದಲ್ವಾ?

ಆ ಶೇ 7 ಫ್ಲಾಟ್ ದರವಾ, ಅಂದರೆ ಅಸಲು ತೀರುತ್ತಾ ಬಂದರೂ ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕುವ ದರವಾ ಅಂತ ಕೇಳಿ. 5 ಲಕ್ಷಕ್ಕೆ ಐದು ವರ್ಷ, ಶೇ 7 ಫ್ಲಾಟ್ ಅಂದರೆ ಬಡ್ಡಿ 1,75,000. ತಿಂಗಳ ಕಂತು 11,250. ನಿಮ್ಮ ಬ್ಯಾಂಕಿನ ಲೆಕ್ಕದಲ್ಲಿ ಹೇಳಿದರೆ ಇದು ಶೇ 12.5ಕ್ಕೆ ಸಮ! ಬ್ಯಾಂಕಿನ ಶೇ 9 ಇಳಿಯುವ ಅಸಲಿನ ಮೇಲಿನದು, ಕಂತು ಸುಮಾರು 10,380. ತಿಂಗಳಿಗೆ 870 ಉಳಿತಾಯ. ಐದು ವರ್ಷಕ್ಕೆ 50,000 ಮೀರುತ್ತೆ.

2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವ ಬ್ಯಾಂಕ್, ಫೈನಾನ್ಸ್ ಕಂಪನಿ ಎಲ್ಲರೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಕಾಗದ ಕೊಡಲೇಬೇಕು. ರಿಸರ್ವ್ ಬ್ಯಾಂಕ್ ನಿಯಮ. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತೆ, ಪ್ರೊಸೆಸಿಂಗ್ ಫೀ ಮುಂತಾದವೆಲ್ಲಾ ಸೇರಿದ ನಿಜವಾದ ದರ. ಎರಡು ಸಾಲಗಳನ್ನು ಆ ಅಂಕಿಯಿಂದಲೇ ಹೋಲಿಸಿ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕು ಅಂತಲೂ ನಿಯಮ ಹೇಳುತ್ತೆ. ಕನ್ನಡದಲ್ಲೇ ಕೇಳಿ ತಗೊಳ್ಳಿ. ಅವಧಿಗೆ ಮುಂಚೆ ಸಾಲ ತೀರಿಸಿದರೆ ಎಷ್ಟು ಶುಲ್ಕ ಅಂತಲೂ ಅಲ್ಲೇ ನೋಡಿ.

ಕಾರವಾರದಿಂದ. ಗೋವಾದಲ್ಲಿ ತೆರಿಗೆ ಕಡಿಮೆ. ಅಲ್ಲಿನ ಗೆಳೆಯನ ವಿಳಾಸದಲ್ಲಿ ರಿಜಿಸ್ಟರ್ ಮಾಡಿಸಿದರೆ?

ಬೇಡ. ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಹಾಕಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಸುಳ್ಳು ವಿಳಾಸ ಕೊಟ್ಟದ್ದು ಬೇರೆ ತೊಂದರೆ, ಅದು ಕ್ಲೇಮ್ ಮಾಡುವಾಗಲೂ ಎದ್ದು ಬರಬಹುದು.

ಬೆಂಗಳೂರಿನಿಂದ. ಡಿಸೆಂಬರ್ ಕೊನೆಯಲ್ಲಿ ದೊಡ್ಡ ಡಿಸ್ಕೌಂಟ್‌ನಲ್ಲಿ ಕಾರು ಬುಕ್ ಮಾಡಿದ್ದೇನೆ. ಡೆಲಿವರಿಗೆ ಮೊದಲು ಏನು ನೋಡಬೇಕು?

ರಿಜಿಸ್ಟ್ರೇಶನ್‌ಗೆ ಮೊದಲೇ ನೋಡಬೇಕು, ಇದು ಬಹಳ ಮುಖ್ಯ. ನಿಮ್ಮ ಹೆಸರಿಗೆ ಆದ ಮೇಲೆ ಬೇರೆ ಕಾರು ಕೊಡಿ ಅನ್ನೋದು ಕಷ್ಟ. "ನಿಮಗೆ ಕೊಡುವ ಕಾರಿನ ಚಾಸಿ ನಂಬರ್ ಕಳಿಸಿ, ಬಂದು ನೋಡಿದ ಮೇಲೆ ಬಾಕಿ ದುಡ್ಡು ಹಾಕ್ತೀನಿ" ಎನ್ನಿ.

ಹೊಸ ಕಾರುಗಳನ್ನು ನಿಲ್ಲಿಸುವ ಸ್ಟಾಕ್‌ಯಾರ್ಡ್‌ಗೆ ಹಗಲಲ್ಲಿ ಹೋಗಿ. ಶೋರೂಮ್‌ನ ಲೈಟಿನ ಕೆಳಗೆ ಗೀರು ಕಾಣಲ್ಲ. ತಯಾರಾದ ತಿಂಗಳು, ವರ್ಷ ಕೇಳಿ. ಚಾಸಿ ನಂಬರ್‌ನ ಹತ್ತನೇ ಅಕ್ಷರದಲ್ಲಿ ವರ್ಷ ಇರುವುದು ವಾಡಿಕೆ. ಇಂಗ್ಲಿಷ್‌ನ ಆರ್ ಅಂದರೆ 2024, ಎಸ್ ಅಂದರೆ 2025. ಆಮೇಲೆ ಟೈರ್ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ. ಬದಿಯಲ್ಲಿ ಒಂದು ಉದ್ದ ಗುಳಿಯೊಳಗೆ ನಾಲ್ಕು ಅಂಕಿ ಇರುತ್ತೆ. 3525 ಅಂದರೆ 2025ರ 35ನೇ ವಾರದಲ್ಲಿ ತಯಾರಾದ ಟೈರ್. ನಾಲ್ಕು ಟೈರ್, ಸ್ಟೆಪ್ನಿ ಎಲ್ಲಾ ಹತ್ತಿರ ಹತ್ತಿರದ ವಾರದ್ದೇ ಇರಬೇಕು. ಒಂದು ಮಾತ್ರ ಬೇರೆ ಇದ್ದರೆ ಯಾಕೆ ಅಂತ ಕೇಳಿ. ಓಡೋಮೀಟರ್ ಫೋಟೋ ತಗೊಳ್ಳಿ. ಬಾಗಿಲ ಅಂಚಿನಲ್ಲಿ, ಬಂಪರ್ ಸೇರುವಲ್ಲಿ ಬೆರಳು ಆಡಿಸಿ, ಬಣ್ಣದ ನುಣುಪು ಬದಲಾದರೆ ಬೆರಳಿಗೆ ಗೊತ್ತಾಗುತ್ತೆ. ಎಸಿ, ಪವರ್ ವಿಂಡೋ, ಎಲ್ಲಾ ದೀಪ ಹಾಕಿ ನೋಡಿ.

ಹಿಂದಿನ ವರ್ಷದ ಕಾರು ತಪ್ಪೇನಲ್ಲ. ಹತ್ತು ವರ್ಷ ಓಡಿಸುವವರಿಗೆ ಅದರಲ್ಲಿ ಲಾಭವೇ. ಮೂರು ನಾಲ್ಕು ವರ್ಷಕ್ಕೆ ಮಾರುವವರಾದರೆ, ಕೊಳ್ಳುವವರು ಆರ್‌ಸಿಯಲ್ಲಿ ತಯಾರಾದ ವರ್ಷವನ್ನೇ ನೋಡುತ್ತಾರೆ. ಆ ನಷ್ಟವನ್ನು ಈಗಿನ ಡಿಸ್ಕೌಂಟ್ ತುಂಬುತ್ತಾ ಅಂತ ಲೆಕ್ಕ ಹಾಕಿ.

ಕೊಟೇಶನ್‌ನಲ್ಲಿದ್ದ ಡಿಸ್ಕೌಂಟ್ ಬಿಲ್‌ನಲ್ಲೂ ಬಂದಿದೆಯಾ ನೋಡಿ. "ಆಮೇಲೆ ಖಾತೆಗೆ ಹಾಕ್ತೀವಿ" ಅಂದರೆ ಯಾವ ತಾರೀಖಿನೊಳಗೆ ಅಂತ ಲೆಟರ್‌ಹೆಡ್‌ನಲ್ಲಿ ಸಹಿ, ಸೀಲು ಹಾಕಿಸಿಕೊಳ್ಳಿ. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 50 ಲಕ್ಷದವರೆಗಿನ ಖರೀದಿಯ ದೂರು ಅಲ್ಲೇ ಹೋಗುತ್ತೆ. ಕೊಟೇಶನ್, ಬುಕಿಂಗ್ ಫಾರ್ಮ್, ರಸೀದಿ, ವಾಟ್ಸಾಪ್ ಸಂದೇಶ ಎಲ್ಲವನ್ನೂ ಒಂದು ಫೈಲಲ್ಲಿ ಇಟ್ಟುಕೊಂಡಿರಿ.